ಮಕ್ಕಳ ಕಲಾ ತರಗತಿಗೆ ದುಡ್ಡು ಎಲ್ಲಿಂದ ತರೋದು? ಮುಂಬೈ ಕನ್ನಡ ಸಂಘಗಳಿಗೆ ಒಂದಿಷ್ಟು ದಾರಿ

ಮುಂಬೈ ಕನ್ನಡಿಗರಿಗೆ ದುಡ್ಡು ಎತ್ತೋಕೆ ಬರಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ವಾರ್ಷಿಕೋತ್ಸವ ಅಂದರೆ ಸಾಕು, ರಶೀದಿ ಪುಸ್ತಕ ಹಂಚಿ, ಹೋಟೆಲ್ ಹೋಟೆಲ್ ಸುತ್ತಿ, ಸ್ಮರಣ ಸಂಚಿಕೆಗೆ ಜಾಹೀರಾತು ಹಿಡಿದು, ಎರಡು ತಿಂಗಳಲ್ಲಿ ಲಕ್ಷಗಟ್ಟಲೆ ಕೂಡಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದೇ ಸಮಿತಿಯ ಮುಂದೆ "ಶನಿವಾರದ ಮಕ್ಕಳ ಯಕ್ಷಗಾನ ಕ್ಲಾಸಿಗೆ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ ಬೇಕು" ಅನ್ನಿ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಒಂದು ರಾತ್ರಿಯ ಕಾರ್ಯಕ್ರಮಕ್ಕೆ ದುಡ್ಡು ಕೊಡುವವರು ಬೇರೆ, ವರ್ಷವಿಡೀ ನಡೆಯುವ ತರಗತಿಗೆ ಕೊಡುವವರು ಬೇರೆ. ಮೊದಲನೆಯವರು ನಮಗೆ ಗೊತ್ತು. ಎರಡನೆಯವರ ಬಾಗಿಲು ಎಲ್ಲಿದೆ ಅನ್ನೋದೇ ಗೊತ್ತಿಲ್ಲ. ಅಲ್ಲಿ ವೇದಿಕೆ, ಶಾಲು, ಫಲಪುಷ್ಪ, ಸ್ಮರಣಿಕೆ ಇವಕ್ಕೆ ಕಾಸೂ ಹುಟ್ಟುವುದಿಲ್ಲ. ಗುರುಗಳ ಗೌರವಧನಕ್ಕೆ, ಮಕ್ಕಳ ತಿಂಡಿಗೆ, ಗೆಜ್ಜೆಗೆ, ತಾಳಕ್ಕೆ ಹುಟ್ಟುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ: ಕೇಳುವುದು ತರಗತಿಗೆ. ಕೊನೆಯ ಪ್ರದರ್ಶನ ಅದರ ಬಾಲ.

ಮೊದಲು ಸಂಘದ ಕಪಾಟು ತೆಗೆಯಿರಿ

ಎಷ್ಟು ಒಳ್ಳೆಯ ಯೋಜನೆ ಇದ್ದರೂ ಕಾಗದಪತ್ರ ಸರಿಯಿಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ. ಇಲ್ಲಿನ ಹಳೆಯ ಸಂಘಗಳು ಸಾಮಾನ್ಯವಾಗಿ ಎರಡು ಕಡೆ ನೋಂದಣಿ ಆಗಿರುತ್ತವೆ. ಒಂದು 1860ರ ಸೊಸೈಟಿ ನೋಂದಣಿ ಕಾಯ್ದೆಯಲ್ಲಿ, ಇನ್ನೊಂದು 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಲ್ಲಿ. ಎರಡನೆಯದು ಚಾರಿಟಿ ಕಮಿಷನರ್ ಕಚೇರಿಯ ವ್ಯವಹಾರ. ಎರಡೂ ಸರ್ಟಿಫಿಕೇಟ್ ಕೈಯಲ್ಲಿದೆಯಾ ನೋಡಿ. ಮಾಜಿ ಕಾರ್ಯದರ್ಶಿಯ ಮನೆಯ ಅಟ್ಟದಲ್ಲಿ ಇದ್ದರೆ ಇವತ್ತೇ ಹೋಗಿ ತನ್ನಿ.

ಇದಕ್ಕಿಂತ ದೊಡ್ಡ ತೊಡಕು ಚೇಂಜ್ ರಿಪೋರ್ಟ್. ಮಹಾಸಭೆ ನಡೆಯುತ್ತದೆ, ಹೊಸ ಅಧ್ಯಕ್ಷರು ಬರುತ್ತಾರೆ, ಹಾರ ಹಾಕುತ್ತಾರೆ, ಫೋಟೋ ಪತ್ರಿಕೆಗೆ ಹೋಗುತ್ತದೆ. ಆದರೆ ಪದಾಧಿಕಾರಿಗಳು ಬದಲಾದದ್ದನ್ನು 90 ದಿನದೊಳಗೆ ಚಾರಿಟಿ ಕಮಿಷನರ್‌ಗೆ ತಿಳಿಸಬೇಕು ಅನ್ನೋದು ಯಾರ ನೆನಪಿಗೂ ಬರುವುದಿಲ್ಲ. ಹೀಗೇ ಹತ್ತು ವರ್ಷ ಕಳೆದರೆ ದಾಖಲೆಯಲ್ಲಿ ತೀರಿಹೋದವರೇ ಇನ್ನೂ ಅಧ್ಯಕ್ಷರು! ದುಡ್ಡು ಕೊಡುವ ಕಂಪನಿಯವರು ಷೆಡ್ಯೂಲ್ ಒಂದರ, ಅಂದರೆ ಚಾರಿಟಿ ಕಮಿಷನರ್ ದಾಖಲೆಯಲ್ಲಿ ಪದಾಧಿಕಾರಿಗಳ ಹೆಸರಿರುವ ಹಾಳೆಯ, ಪ್ರತಿ ಕೇಳುತ್ತಾರೆ. ಅದರಲ್ಲಿರುವ ಹೆಸರಿಗೂ ಅರ್ಜಿಗೆ ಸಹಿ ಹಾಕಿದವರ ಹೆಸರಿಗೂ ತಾಳೆ ಆಗದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಬಾಕಿ ಇರುವ ರಿಪೋರ್ಟ್‌ಗಳನ್ನು ಹಳೆಯದರಿಂದ ಶುರುಮಾಡಿ ಒಂದೊಂದಾಗಿ ಹಾಕಿಸಿ. ತಡವಾದದ್ದಕ್ಕೆ ಕಾರಣ ಬರೆದು ಮನ್ನಾ ಕೇಳಬೇಕಾಗುತ್ತದೆ. ಈ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಅರ್ಜಿಯ ಕೊನೆಯ ದಿನಾಂಕ ಕಂಡ ಮೇಲೆ ಓಡಿದರೆ ಪ್ರಯೋಜನವಿಲ್ಲ.

ಆಮೇಲೆ ಆದಾಯ ತೆರಿಗೆ. 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿ ಎರಡೂ ಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸೆಕ್ಷನ್ ನಂಬರುಗಳು ಬೇರೆ. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ. ನಿಮ್ಮ ನೋಂದಣಿಗೆ ಅವಧಿ ಇದೆ, ಅದು ಮುಗಿಯುವ ತಾರೀಖು ನಿಮ್ಮ ಸಿಎಗೆ ಮಾತ್ರ ಅಲ್ಲ, ಸಮಿತಿಯಲ್ಲಿ ಇನ್ನಿಬ್ಬರಿಗಾದರೂ ಗೊತ್ತಿರಲಿ.

ಇದರ ಜೊತೆ ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಇದಕ್ಕೆ ಶುಲ್ಕವಿಲ್ಲ. ಕೇಂದ್ರ ಸರ್ಕಾರದ ಯಾವ ಅನುದಾನ ಕೇಳಿದರೂ ಈ ಐಡಿ ಕೇಳುತ್ತಾರೆ. ಕಂಪನಿಗಳು ಸಮಾಜದ ಕೆಲಸಕ್ಕೆ ಕಾನೂನಿನ ಪ್ರಕಾರ ಖರ್ಚು ಮಾಡುವ ದುಡ್ಡು (ಸಿಎಸ್‌ಆರ್) ಬೇಕಾದರೆ ಸಿಎಸ್‌ಆರ್-1 ಅನ್ನುವ ಫಾರ್ಮ್ ತುಂಬಿ ಕಂಪನಿ ವ್ಯವಹಾರಗಳ ಸಚಿವಾಲಯದಿಂದ ಇನ್ನೊಂದು ನಂಬರು ಪಡೆಯಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಕೊನೆಯದಾಗಿ ಮೂರು ವರ್ಷದ ಆಡಿಟ್ ಆದ ಲೆಕ್ಕ ಒಂದೇ ಫೈಲಿನಲ್ಲಿ ಇರಲಿ.

ನಿಮ್ಮದು ಈಗಷ್ಟೇ ಶುರುವಾದ ತಂಡವಾ? ಇಷ್ಟೆಲ್ಲ ಮಾಡಿಕೊಂಡು ಕೂರುವ ಬದಲು, ಕಾಗದಪತ್ರ ಸರಿಯಿರುವ ಒಂದು ದೊಡ್ಡ ಸಂಘದ ಅಥವಾ ಶಾಲೆ ನಡೆಸುವ ಟ್ರಸ್ಟ್‌ನ ಅಡಿಯಲ್ಲಿ ಮೊದಲ ಎರಡು ವರ್ಷ ತರಗತಿ ನಡೆಸಿ. ದುಡ್ಡು ಅವರ ಖಾತೆಗೆ ಬರುತ್ತದೆ, ತರಗತಿ ನೀವು ನಡೆಸುತ್ತೀರಿ. ಬಾಯಿಮಾತಿನಲ್ಲಿ ಬೇಡ. ಯಾರು ಯಾವ ಖರ್ಚಿಗೆ ಸಹಿ ಹಾಕಬೇಕು, ಫೋಟೋದಲ್ಲಿ ಯಾರ ಬ್ಯಾನರ್ ಇರಬೇಕು ಅನ್ನೋದೂ ಸೇರಿ ಬರೆದುಕೊಳ್ಳಿ. ನಮ್ಮವರ ಜಗಳ ದುಡ್ಡಿಗಿಂತ ಬ್ಯಾನರಿಗೇ ಜಾಸ್ತಿ.

ಬಜೆಟ್: ತರಗತಿಯಿಂದ ಶುರುಮಾಡಿ

"ಅಂದಾಜು ಎರಡು ಲಕ್ಷ" ಅಂತ ಬರೆದರೆ ಯಾರೂ ನಂಬುವುದಿಲ್ಲ. ಒಂದು ತರಗತಿಗೆ ಏನೇನು ಬೇಕು ಅಂತ ಲೆಕ್ಕ ಹಾಕಿ, ಅದನ್ನು ವರ್ಷಕ್ಕೆ ಹಿಗ್ಗಿಸಿ. ಉದಾಹರಣೆಗೆ 30 ಮಕ್ಕಳು, ಜುಲೈಯಿಂದ ಮಾರ್ಚ್‌ವರೆಗೆ ಶನಿವಾರ ಎರಡು ಗಂಟೆ ಅಂತ ಇಟ್ಟುಕೊಳ್ಳಿ. ಗಣೇಶ ಹಬ್ಬ, ದೀಪಾವಳಿ, ಪರೀಕ್ಷೆ, ಜೋರು ಮಳೆಗೆ ಲೋಕಲ್ ನಿಲ್ಲುವ ದಿನ ಎಲ್ಲ ಕಳೆದು 30 ತರಗತಿ ಸಿಗುತ್ತದೆ ಅಂದುಕೊಳ್ಳಿ.

ಗುರುಗಳಿಗೆ ತರಗತಿಗೆ 1,500ರಂತೆ 45,000. ಅವರು ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಬರುವವರಾದರೆ ಪ್ರಯಾಣಕ್ಕೆ 200ರಂತೆ 6,000. ಚೆಂಡೆ ಮತ್ತು ಮದ್ದಳೆಗೆ ಇಬ್ಬರು ಕೊನೆಯ 10 ತರಗತಿಗೆ ಬಂದರೆ ಸಾಕು, ತಲಾ 1,000ರಂತೆ 20,000. ತಿಂಡಿಗೆ ಮಗುವಿಗೆ 20 ರೂಪಾಯಿಯಂತೆ 18,000. ಮಕ್ಕಳ ಹಾಜರಿ ಹಾಕುವ, ಪೋಷಕರಿಗೆ ಫೋನ್ ಮಾಡುವ, ಬಿಲ್ಲು ಜೋಡಿಸುವ ಒಬ್ಬರಿಗೆ ತಿಂಗಳಿಗೆ 4,000ರಂತೆ 9 ತಿಂಗಳಿಗೆ 36,000. ಕೊನೆಯ ಪ್ರದರ್ಶನಕ್ಕೆ ವೇಷಭೂಷಣ ಬಾಡಿಗೆ, ಬಣ್ಣಗಾರಿಕೆ ಸೇರಿ 30,000. ಗೆಜ್ಜೆ, ತಾಳ, ಪ್ರಸಂಗದ ಜೆರಾಕ್ಸ್ ಇತ್ಯಾದಿ 8,000. ಆಡಿಟ್, ಪ್ರಿಂಟ್, ಬ್ಯಾಂಕ್ ಖರ್ಚು 7,000. ಒಟ್ಟು 1,70,000.

ಈಗ ಇದನ್ನು 30 ಮಕ್ಕಳು ಮತ್ತು 30 ತರಗತಿಗೆ ಭಾಗಿಸಿ. ಒಂದು ಮಗುವಿಗೆ ಒಂದು ತರಗತಿಗೆ ಸುಮಾರು 189 ರೂಪಾಯಿ. ಈ ಒಂದು ಅಂಕಿ ನಿಮ್ಮ ಅರ್ಜಿಯ ಮೊದಲ ಪುಟದಲ್ಲಿರಬೇಕು. ಓದುವವರಿಗೆ ಎರಡು ಲಕ್ಷಕ್ಕಿಂತ 189 ಬೇಗ ಅರ್ಥವಾಗುತ್ತದೆ.

ಈ ಪಟ್ಟಿಯಲ್ಲಿ ನಮ್ಮವರು ಮೊದಲು ಕತ್ತರಿ ಹಾಕುವುದು ಬಿಲ್ಲು ಜೋಡಿಸುವವರ 36,000ಕ್ಕೆ. "ಅಷ್ಟೆಲ್ಲ ಯಾಕೆ, ನಾವೇ ಸೇವೆ ಅಂತ ಮಾಡಿದರಾಯಿತು" ಅನ್ನುತ್ತಾರೆ. ಮಾಡಲ್ಲ. ಸೆಪ್ಟೆಂಬರ್ ಹೊತ್ತಿಗೆ ಹಾಜರಿ ಪುಸ್ತಕ ಖಾಲಿ, ಬಿಲ್ಲುಗಳು ಯಾರದೋ ಪ್ಯಾಂಟಿನ ಜೇಬಿನಲ್ಲಿ. ವೇಷಭೂಷಣದಲ್ಲಿ ಬೇಕಾದರೆ ಕಡಿಮೆ ಮಾಡಿ, ಈ ಒಂದನ್ನು ಬಿಡಬೇಡಿ.

ಸಭಾಗೃಹದ ಬಾಡಿಗೆ ನಾನು ಬೇಕೆಂದೇ ಹಾಕಿಲ್ಲ. ಪ್ರದರ್ಶನ ಶಾಲೆಯ ಅಂಗಳದಲ್ಲೇ ಆಗಲಿ. ಮಾಟುಂಗದ ಮೈಸೂರು ಅಸೋಸಿಯೇಶನ್‌ನಂಥ ಸಭಾಗೃಹವೇ ಬೇಕು ಅನಿಸಿದರೆ ಆ ಖರ್ಚನ್ನು ಸ್ಥಳೀಯ ದಾನಿಗಳಿಂದ ಎತ್ತಿ. ಅದಕ್ಕೆ ನಮ್ಮ ಹಳೆಯ ರಶೀದಿ ಪುಸ್ತಕ ಇದ್ದೇ ಇದೆಯಲ್ಲ.

ಕಂಪನಿಗಳ ಸಿಎಸ್‌ಆರ್

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಹಿಂದಿನ ಆರ್ಥಿಕ ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅನ್ನೋದಕ್ಕೆ ಏಳನೇ ಷೆಡ್ಯೂಲ್ ಅಂತ ಪಟ್ಟಿ ಇದೆ. ಅದರಲ್ಲಿ ಶಿಕ್ಷಣವೂ ಇದೆ, ಕಲೆ ಮತ್ತು ಸಂಸ್ಕೃತಿಯ ರಕ್ಷಣೆಯೂ ಸಾಂಪ್ರದಾಯಿಕ ಕಲೆಗಳ ಬೆಳವಣಿಗೆಯೂ ಇದೆ. ಶಾಲೆಯ ಒಳಗೆ ನಡೆಯುವ ಕಲಾ ತರಗತಿ ಈ ಎರಡರಲ್ಲೂ ಕೂರುತ್ತದೆ. ಯಾವುದರಡಿ ಕೇಳಬೇಕು? ನನ್ನ ಪ್ರಕಾರ ಶಿಕ್ಷಣದಡಿ. ಕಂಪನಿಗಳು ಆ ಕಡೆಗೇ ಹೆಚ್ಚು ಒಲಿಯುತ್ತವೆ, ಸಂಸ್ಕೃತಿ ಅಂದ ಕೂಡಲೇ ಅವರ ಕಣ್ಣಿಗೆ ಕಾಣುವುದು ವೇದಿಕೆ ಮತ್ತು ಬ್ಯಾನರ್.

ವೇದಿಕೆಗೆ ಅವರು ಹೆದರಲು ಕಾರಣವೂ ಇದೆ. ಮ್ಯಾರಥಾನ್, ಪ್ರಶಸ್ತಿ, ಜಾಹೀರಾತು, ಪ್ರಾಯೋಜಕತ್ವದಂಥ ಒಂದು ಸಲದ ಕಾರ್ಯಕ್ರಮಗಳನ್ನು ಸಿಎಸ್‌ಆರ್ ಖರ್ಚು ಅಂತ ತೋರಿಸುವ ಹಾಗಿಲ್ಲ ಅಂತ ಸಚಿವಾಲಯ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ಅಂದರೆ ನಿಮ್ಮ ಸ್ಮರಣ ಸಂಚಿಕೆಯ ಕೊನೆಯ ಪುಟದ ಬಣ್ಣದ ಜಾಹೀರಾತು ಸಿಎಸ್‌ಆರ್ ಅಲ್ಲ, ಅದು ಕಂಪನಿಯ ಪ್ರಚಾರದ ಖರ್ಚು. "ಸಿಎಸ್‌ಆರ್‌ನಿಂದ ನಮ್ಮ ವಾರ್ಷಿಕೋತ್ಸವಕ್ಕೆ ಏನಾದರೂ ಮಾಡಿ ಸಾರ್" ಅಂತ ಕೇಳುವುದನ್ನು ನಿಲ್ಲಿಸಿದರೆ ನಿಮ್ಮ ಮೇಲೆ ಅವರಿಗೆ ಅರ್ಧ ಗೌರವ ಅಲ್ಲೇ ಹುಟ್ಟುತ್ತದೆ.

ದೊಡ್ಡ ಹೆಸರಿನ ಹಿಂದೆ ಓಡಬೇಡಿ. ದೊಡ್ಡ ಕಂಪನಿಗೆ ಒಂದೂಮುಕ್ಕಾಲು ಲಕ್ಷದ ಯೋಜನೆ ನೋಡಿಕೊಳ್ಳುವುದೇ ತಲೆನೋವು, ಅವರಿಗೆ ಕೋಟಿಯ ಲೆಕ್ಕದ ಯೋಜನೆ ಬೇಕು. ನಮಗೆ ಸರಿಹೊಂದುವುದು 5 ಕೋಟಿ ಲಾಭವನ್ನು ಆಗಷ್ಟೇ ದಾಟಿದ ಮಧ್ಯಮ ಕಂಪನಿಗಳು. ಸರಾಸರಿ 6 ಕೋಟಿ ಲಾಭ ಇರುವ ಕಂಪನಿ ವರ್ಷಕ್ಕೆ 12 ಲಕ್ಷ ಖರ್ಚು ಮಾಡಬೇಕಾಗುತ್ತದೆ. ಈ ಮೊತ್ತ 50 ಲಕ್ಷ ದಾಟದಿದ್ದರೆ ಅವರು ಪ್ರತ್ಯೇಕ ಸಿಎಸ್‌ಆರ್ ಸಮಿತಿ ಮಾಡಬೇಕಾಗಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನಿಸಬಹುದು. ಅಂದರೆ ಮಾಲೀಕರು, ಅವರ ಮಗ, ಅವರ ಸಿಎ, ಇಷ್ಟು ಜನಕ್ಕೆ ಒಪ್ಪಿಗೆಯಾದರೆ ಕೆಲಸ ಆಯಿತು. ಭಿವಂಡಿ, ತಳೋಜ, ವಸಾಯಿ ಕಡೆ ಕಾರ್ಖಾನೆ ಇಟ್ಟಿರುವ, ಆಹಾರ ಪೂರೈಕೆ, ಸಾಗಾಣಿಕೆ, ಪ್ಯಾಕಿಂಗ್ ವ್ಯವಹಾರದಲ್ಲಿರುವ ನಮ್ಮ ಊರಿನವರನ್ನು ನೆನಪು ಮಾಡಿಕೊಳ್ಳಿ. ಅವರಲ್ಲಿ ಎಷ್ಟೋ ಮಂದಿಗೆ ಮಾರ್ಚ್ ಹತ್ತಿರ ಬಂದಾಗ ದುಡ್ಡು ಎಲ್ಲಿ ಕೊಡೋದು ಅನ್ನೋದೇ ಚಿಂತೆ.

ಯಾವ ಕಂಪನಿ ಎಲ್ಲಿ ಎಷ್ಟು ಕೊಟ್ಟಿದೆ ಅಂತ ಸುಮ್ನೆ ಊಹಿಸಬೇಕಾಗಿಲ್ಲ. ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ರಾಜ್ಯವಾರು, ಕ್ಷೇತ್ರವಾರು ಹುಡುಕಬಹುದು. ಮಹಾರಾಷ್ಟ್ರ, ಶಿಕ್ಷಣ ಅಂತ ಹಾಕಿ ನೋಡಿ. ಸಣ್ಣ ಮೊತ್ತದ ಯೋಜನೆಗಳಿಗೆ ಕೊಟ್ಟಿರುವ ಕಂಪನಿಗಳ ಪಟ್ಟಿ ಮಾಡಿ, ಅದರಲ್ಲಿ ನಿಮ್ಮವರಿಗೆ ಪರಿಚಯ ಇರುವವರಿಗೆ ಗುರುತು ಹಾಕಿ. ಒಂದು ಭಾನುವಾರದ ಕೆಲಸ ಅಷ್ಟೇ.

ನಮ್ಮಲ್ಲೊಂದು ಗೊಂದಲ ಇದೆ. ಊರಿನ ಬ್ಯಾಂಕು, ನಮ್ಮದೇ ಬ್ಯಾಂಕು, ಸಿಎಸ್‌ಆರ್ ಕೊಡಲೇಬೇಕು ಅಂತ ಜಗಳ ಮಾಡುವವರಿದ್ದಾರೆ. ಕರ್ಣಾಟಕ ಬ್ಯಾಂಕ್ ಕಂಪನಿ, ಅದಕ್ಕೆ ಈ ಕಾಯ್ದೆ ಅನ್ವಯಿಸುತ್ತದೆ. ಆದರೆ ಕೆನರಾದಂಥ ರಾಷ್ಟ್ರೀಕೃತ ಬ್ಯಾಂಕುಗಳು, ನಮ್ಮ ಸಮುದಾಯದವರು ಕಟ್ಟಿದ ಸಹಕಾರಿ ಬ್ಯಾಂಕುಗಳು ಕಂಪನಿ ಕಾಯ್ದೆಯ ಅಡಿ ಬರುವುದಿಲ್ಲ. ಅವರು ಕೊಡಬಹುದು, ಕೊಡುತ್ತಾರೆ ಕೂಡ, ಆದರೆ ಅದು ಅವರ ಇಷ್ಟ. ಅಲ್ಲಿ ಕಾನೂನಿನ ಮಾತು ತೆಗೆಯದೆ ಶಾಖಾ ಮ್ಯಾನೇಜರ್‌ರನ್ನು ಒಂದು ಶನಿವಾರ ತರಗತಿಗೆ ಕರೆದು ಕೂರಿಸಿ.

ಸರ್ಕಾರದ ದುಡ್ಡು

ಕೇಂದ್ರ ಸಂಸ್ಕೃತಿ ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆಯಲ್ಲಿ ಹಲವು ಭಾಗಗಳಿವೆ. ಸಂಘಗಳಿಗೆ ಹತ್ತಿರವಾದದ್ದು ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ನಿರ್ಮಾಣ ಅನುದಾನ. ಕಾರ್ಯಾಗಾರ, ಉತ್ಸವ, ನಾಟಕ ನಿರ್ಮಾಣ ಇಂಥವಕ್ಕೆ ಸಾಮಾನ್ಯವಾಗಿ 5 ಲಕ್ಷದವರೆಗೆ ಕೊಡುತ್ತಾರೆ. ಅದೇ ಯೋಜನೆಯ ರೆಪರ್ಟರಿ (ಕಾಯಂ ಕಲಾ ತಂಡ) ಅನುದಾನದಲ್ಲಿ ಗುರುವಿಗೆ ತಿಂಗಳಿಗೆ 15,000 ಮತ್ತು ಶಿಷ್ಯರಿಗೆ ವಯಸ್ಸಿನ ಪ್ರಕಾರ ಭತ್ಯೆ ಇದೆ, ಆದರೆ ಅದು ವರ್ಷಗಳಿಂದ ನಿರಂತರ ತರಬೇತಿ ಮತ್ತು ಪ್ರದರ್ಶನ ನಡೆಸುತ್ತಿರುವ ತಂಡಗಳಿಗೆ. ನಿನ್ನೆ ಮೊನ್ನೆ ಶುರುವಾದ ಶನಿವಾರದ ಕ್ಲಾಸಿಗೆ ಅಲ್ಲ. ಇವೆರಡರಲ್ಲೂ ದುಡ್ಡು ಬರುವುದು ನಿಧಾನ, ಒಂದೇ ಕಂತಿನಲ್ಲಿ ಬರುವುದೂ ಇಲ್ಲ. ಆ ದುಡ್ಡು ನಂಬಿ ಗುರುಗಳ ಗೌರವಧನ ಬಾಕಿ ಇಡಬೇಡಿ.

ಸಂಘಕ್ಕೆ ಬರದಿದ್ದರೂ ಮಗುವಿಗೆ ನೇರವಾಗಿ ಬರುವ ದುಡ್ಡಿದೆ, ಅದನ್ನು ನಾವು ಗಮನಿಸುವುದೇ ಇಲ್ಲ. ದೆಹಲಿಯ ಸಿಸಿಆರ್‌ಟಿ, ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, 10ರಿಂದ 14 ವರ್ಷದ ಮಕ್ಕಳಿಗೆ ಪ್ರತಿಭಾ ವಿದ್ಯಾರ್ಥಿವೇತನ ಕೊಡುತ್ತದೆ. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳಿಗೆ ಕೊಟ್ಟ ಶುಲ್ಕ 9,000ದವರೆಗೆ ವಾಪಸ್. ಸಾಂಪ್ರದಾಯಿಕ ಕಲಾವಿದರ ಮನೆಯ ಮಕ್ಕಳಿಗೆ ಬೇರೆಯಾಗಿ ಸೀಟುಗಳಿವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ವೇಷ ಕಟ್ಟುವ ಅಪ್ಪಂದಿರು ಈ ಊರಿನಲ್ಲಿ ಎಷ್ಟು ಮಂದಿ ಇಲ್ಲ? ಅವರ ಮಕ್ಕಳ ಅರ್ಜಿ ತುಂಬಿಸಿಕೊಡುವುದು ಸಂಘದ ಕೆಲಸ. 18ರಿಂದ 25 ವರ್ಷದವರಿಗೆ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ, ತಿಂಗಳಿಗೆ 5,000ದಂತೆ ಎರಡು ವರ್ಷ. ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು.

ಕೇಂದ್ರ ಸರ್ಕಾರದ ವಲಯ ಸಾಂಸ್ಕೃತಿಕ ಕೇಂದ್ರಗಳ ವಿಷಯದಲ್ಲಿ ಮಹಾರಾಷ್ಟ್ರದವರಿಗೆ ಒಂದು ಅನುಕೂಲ ಇದೆ. ಉದಯಪುರದ ಪಶ್ಚಿಮ ವಲಯಕ್ಕೂ ನಾಗಪುರದ ದಕ್ಷಿಣ ಮಧ್ಯ ವಲಯಕ್ಕೂ ಮಹಾರಾಷ್ಟ್ರ ಸೇರುತ್ತದೆ. ನಾಗಪುರದ ಕೇಂದ್ರದಲ್ಲಿ ಕರ್ನಾಟಕವೂ ಸದಸ್ಯ ರಾಜ್ಯ, ಹಾಗಾಗಿ ಮುಂಬೈಯಲ್ಲಿ ಕುಳಿತು ಕರ್ನಾಟಕದ ಕಲೆ ಕಲಿಸುವವರು ಮೊದಲು ತಟ್ಟಬೇಕಾದ ಬಾಗಿಲು ಅದು. ಅವರ ಗುರು ಶಿಷ್ಯ ಪರಂಪರೆ ಯೋಜನೆಯ ಬಗ್ಗೆ ಕೇಳಿ.

ಇನ್ನು ಬೆಂಗಳೂರು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ, ಅರ್ಜಿ ಕರ್ನಾಟಕ ಸರ್ಕಾರದ ಸೇವಾಸಿಂಧು ಪೋರ್ಟಲ್ ಮೂಲಕ. ಯಕ್ಷಗಾನ, ನಾಟಕ, ಜಾನಪದ ಅಕಾಡೆಮಿಗಳ ಜೊತೆ ಸೇರಿ ತರಬೇತಿ ಶಿಬಿರ ಮಾಡುವುದು ಇನ್ನೊಂದು ದಾರಿ. ಇಲ್ಲಿ ದುಡ್ಡಿಗಿಂತ ಸಂಪನ್ಮೂಲ ವ್ಯಕ್ತಿಗಳನ್ನು ಕೇಳುವುದು ಜಾಣತನ, ಒಂದು ವಾರದ ಬಣ್ಣಗಾರಿಕೆ ಶಿಬಿರಕ್ಕೆ ಒಳ್ಳೆಯ ಕಲಾವಿದರನ್ನು ಕಳಿಸಿಕೊಟ್ಟರೆ ಅದೇ ಅನುದಾನ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಮಾತ್ರ ಮುಂಬೈಯಿಂದ ಅರ್ಜಿ ಹಾಕಿ ಸಮಯ ಕಳೆಯಬೇಡಿ. ಅಕ್ಕಲಕೋಟೆ, ಜತ್ತದಂಥ ಗಡಿ ಭಾಗಗಳಿಗಾಗಿ ಇರುವ ವ್ಯವಸ್ಥೆ ಅದು, ನಾವು ಗಡಿಯಲ್ಲಿಲ್ಲ. ಹಾಗೇ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ "ಕಲಿ ಕಲಿಸು" ಯೋಜನೆಯ ಹೆಸರು ಕೇಳಿ ಖುಷಿಯಾಗುತ್ತದೆ, ಆದರೆ ಅದರ ಗಮನ ಇರುವುದು ಕರ್ನಾಟಕದ ಸರ್ಕಾರಿ ಶಾಲೆಗಳ ಮೇಲೆ. ಅವರ ಹಳೆಯ ಯೋಜನೆಗಳ ವಿವರ ಓದಿ, ಶಾಲೆಯಲ್ಲಿ ಕಲೆಯನ್ನು ಪಾಠದ ಜೊತೆ ಹೇಗೆ ಹೆಣೆಯಬಹುದು ಅನ್ನೋದಕ್ಕೆ ಒಳ್ಳೆಯ ಮಾದರಿಗಳು ಸಿಗುತ್ತವೆ.

ಉಳಿದ ಕಡೆಗಳು, ಬೇಗ ಬೇಗ

ರೋಟರಿ ಕ್ಲಬ್ಬು: ಜಾಗತಿಕ ಅನುದಾನ ಬೇಡ, ಅದಕ್ಕೆ ಕನಿಷ್ಠ ಬಜೆಟ್ಟೇ 30,000 ಡಾಲರ್. ಜಿಲ್ಲಾ ಅನುದಾನ ಕೇಳಿ, ಸಣ್ಣ ಮೊತ್ತ, ನಿಯಮವೂ ಸಡಿಲ. ಅವರ ವರ್ಷ ಜುಲೈ 1ಕ್ಕೆ ಶುರು, ಹೊಸ ಅಧ್ಯಕ್ಷರು ಅಧಿಕಾರಕ್ಕೆ ಬರುವ ಮೊದಲೇ, ಅಂದರೆ ಏಪ್ರಿಲ್ ಮೇ ಹೊತ್ತಿಗೆ ಮಾತಾಡಿ.

ಟಾಟಾ ಮುಂಬೈ ಮ್ಯಾರಥಾನ್: ಪ್ರತಿ ಜನವರಿ ನಡೆಯುವ ಈ ಓಟದ ದಾನದ ಭಾಗವನ್ನು ಯುನೈಟೆಡ್ ವೇ ಮುಂಬೈ ನೋಡಿಕೊಳ್ಳುತ್ತದೆ. ಸಂಸ್ಥೆಗಳು ಮೊದಲೇ ಹೆಸರು ನೋಂದಾಯಿಸಿ ತಮ್ಮ ಓಟಗಾರರ ಮೂಲಕ ದುಡ್ಡು ಕೂಡಿಸುತ್ತವೆ. ಸಂಘದ ಯುವ ವಿಭಾಗದವರು ಹೇಗೂ ಸುಮ್ನೆ ಓಡುತ್ತಾರೆ, ಮಕ್ಕಳ ತರಗತಿಯ ಹೆಸರಲ್ಲಿ ಓಡಲಿ.

ದುಬೈ, ಕುವೈತ್, ಮಸ್ಕತ್‌ನಲ್ಲಿರುವ ನಮ್ಮವರು: ಇಲ್ಲಿ ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕಳಿಸಿದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ, ಅಮೆರಿಕದ ಮಾವ ಆದರೂ ಸರಿ. ಒಂದು ಶನಿವಾರದ ಕ್ಲಾಸಿಗೋಸ್ಕರ ಎಫ್‌ಸಿಆರ್‌ಎಗೆ ಕೈ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ದೇಣಿಗೆ ಕಳಿಸುವವರಿಂದ ಪಾಸ್‌ಪೋರ್ಟ್ ಪ್ರತಿ ತೆಗೆದು ಇಟ್ಟುಕೊಳ್ಳಿ.

ಹೋಟೆಲಿನವರು: ದುಡ್ಡು ಕೇಳುವ ಬದಲು ತಿಂಡಿ ಕೇಳಿ. ಮೇಲಿನ ಬಜೆಟ್‌ನ 18,000 ಅಲ್ಲೇ ಉಳಿಯಿತು. ನಗದಾಗಿ ಕೊಡುವವರಿಗೆ ಒಂದು ಮಾತು ಹೇಳಿ: 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ 80ಜಿ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ನೌಕರರಿಗೆ ಹೇಗೂ ಆ ವಿನಾಯಿತಿ ಇಲ್ಲ, ಅವರ ಹತ್ತಿರ ತೆರಿಗೆಯ ಆಸೆ ತೋರಿಸಬೇಡಿ.

ಅರ್ಜಿ ಬರೆಯೋದು

ನಮ್ಮ ಅರ್ಜಿಗಳೆಲ್ಲ ಒಂದೇ ಥರ ಶುರುವಾಗುತ್ತವೆ. "ಕಲೆ ನಮ್ಮ ಸಂಸ್ಕೃತಿಯ ಜೀವನಾಡಿ. ನಮ್ಮ ಸಂಘವು ಕಳೆದ ಹಲವು ದಶಕಗಳಿಂದ ಕನ್ನಡ ನಾಡು ನುಡಿಯ ಸೇವೆಯಲ್ಲಿ ನಿರಂತರವಾಗಿ ತೊಡಗಿಸಿಕೊಂಡಿದ್ದು..." ಅರ್ಧ ಪುಟ ಆದರೂ ಒಂದು ಮಗು ಕಾಣುವುದಿಲ್ಲ. ಬದಲಿಗೆ ಹೀಗೆ ಶುರುಮಾಡಿ ನೋಡಿ:

"ಪಾಲಿಕೆಯ ಈ ಕನ್ನಡ ಶಾಲೆಯಲ್ಲಿ 5ರಿಂದ 8ನೇ ತರಗತಿಯ 30 ಮಕ್ಕಳಿಗೆ ಪ್ರತಿ ಶನಿವಾರ ಎರಡು ಗಂಟೆ ರಂಗಕಲೆ ಕಲಿಸುತ್ತೇವೆ. ಹೆಚ್ಚಿನವರ ಪೋಷಕರು ಕಟ್ಟಡ ಕೆಲಸಕ್ಕೆ ಬಂದವರು. ಶಾಲೆಯಲ್ಲಿ ಈಗ ಕಲೆಗೆ ಬೇರೆ ಶಿಕ್ಷಕರಿಲ್ಲ. ಒಂದು ಮಗುವಿಗೆ ಒಂದು ತರಗತಿಗೆ 189 ರೂಪಾಯಿ ಖರ್ಚು. ವರ್ಷಕ್ಕೆ ಬೇಕಾದ 1,70,000ದಲ್ಲಿ 30,000 ನಾವು ಕೂಡಿಸುತ್ತೇವೆ, 1,40,000 ನಿಮ್ಮಿಂದ ಕೇಳುತ್ತಿದ್ದೇವೆ."

ಸಂಘದ ಇತಿಹಾಸ ಕೊನೆಯ ಪುಟಕ್ಕೆ ಹೋಗಲಿ.

ಮುಂಬೈ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲಿ ಒಂದು. ಅಲ್ಲಿ ತರಗತಿ ಮಾಡುವುದಾದರೆ ಮುಖ್ಯೋಪಾಧ್ಯಾಯರು ಹೂಂ ಅಂದರೆ ಸಾಲದು, ಪಾಲಿಕೆಯ ಶಿಕ್ಷಣ ವಿಭಾಗದ ಲಿಖಿತ ಅನುಮತಿ ಬೇಕು, ಅದರ ಪ್ರತಿ ಅರ್ಜಿಗೆ ಲಗತ್ತಿಸಬೇಕು. ಮತ್ತೆ, ಕಲೆ ಅಂದ ತಕ್ಷಣ ಯಕ್ಷಗಾನ ಅಂತ ಹೊರಡಬೇಡಿ. ನಮ್ಮ ಸಂಘಗಳಲ್ಲಿ ಕರಾವಳಿಯವರು ಜಾಸ್ತಿ, ಆದ್ದರಿಂದ ನಮಗೆ ಹಾಗನಿಸುತ್ತದೆ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಮಕ್ಕಳೇ ತುಂಬಿರುವ ಶಾಲೆಯಲ್ಲಿ ಅವರ ಅಜ್ಜಿಯ ಹಾಡು, ದೊಡ್ಡಾಟದ ಕುಣಿತ ಕಲಿಸಿದರೆ ತರಗತಿಗೆ ಪೋಷಕರೂ ಬಂದು ಕೂರುತ್ತಾರೆ. ದುಡ್ಡು ಕೊಡುವವರು ಕೇಳುವ ಸಮುದಾಯದ ಪಾಲ್ಗೊಳ್ಳುವಿಕೆ ಅಂದರೆ ಇದೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಪಾಠದ ಜೊತೆ ಬೆಸೆದು ಕಲಿಸಬೇಕು ಅನ್ನುತ್ತದೆ, ಅದನ್ನು ಒಂದು ಸಾಲಿನಲ್ಲಿ ಹೇಳಿ. ಫಲಿತಾಂಶಕ್ಕೆ ಎರಡು ಅಳತೆ ಸಾಕು. ಒಂದು ಹಾಜರಿ. ಇನ್ನೊಂದು, ಜುಲೈ ಮೊದಲ ವಾರ ಪ್ರತಿ ಮಗುವೂ ಒಂದು ನಿಮಿಷ ಕನ್ನಡದಲ್ಲಿ ಮಾತಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರ್ಚ್‌ನಲ್ಲಿ ಮತ್ತೆ ಮಾಡಿ. ಎರಡನ್ನೂ ಅಕ್ಕಪಕ್ಕ ಕೇಳಿಸಿ. ಅರ್ಥಧಾರಿಯಾಗಿ, ಅಂದರೆ ಪ್ರಸಂಗದ ಮಾತು ಆಡುವವರಾಗಿ, ಎಂಟು ತಿಂಗಳು ಬಾಯಿ ಬಿಟ್ಟ ಮಗುವಿನ ಮಾತಿನಲ್ಲಿ ಆದ ವ್ಯತ್ಯಾಸಕ್ಕೆ ವರದಿ ಬರೆಯಬೇಕಾಗಿಲ್ಲ.

ರೆಕಾರ್ಡ್ ಮಾಡುವ ಮೊದಲು ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಮಕ್ಕಳ ಜೊತೆ ಕೆಲಸ ಅಂದ ಮೇಲೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಬಗ್ಗೆ ಗುರುಗಳಿಗೂ ಸಹಾಯಕರಿಗೂ ಗೊತ್ತಿರಬೇಕು. ಮಕ್ಕಳ ಸುರಕ್ಷತೆಯ ನೀತಿ ಅಂತ ಒಂದು ಪುಟ ಬರೆದಿಡಿ: ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ವೇಷ ಹಾಕುವಾಗ ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಮತ್ತು ಹೆಂಗಸರೇ ಸಹಾಯಕರು, ದೂರು ಇದ್ದರೆ ಯಾರಿಗೆ ಹೇಳಬೇಕು. "ಗುರುಗಳು ನಮ್ಮವರೇ, ಇದೆಲ್ಲ ಯಾಕೆ" ಅನ್ನುವವರು ಇದ್ದೇ ಇರುತ್ತಾರೆ. ಬರೆದಿಡಿ.

ದುಡ್ಡು ಬಂದ ಮೇಲೆ

ಅನುದಾನಕ್ಕೆ ಬೇರೆ ಲೆಕ್ಕದ ಪುಸ್ತಕ ಇಡಿ, ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆಯೇ ಒಳ್ಳೆಯದು. ಗುರುಗಳಿಗೆ ಕೈಯಲ್ಲಿ ಕವರ್ ಕೊಡುವ ಪದ್ಧತಿ ಬಿಟ್ಟು ಅವರ ಖಾತೆಗೆ ಹಾಕಿ. ಒಬ್ಬರಿಗೆ ವರ್ಷಕ್ಕೆ 50,000 ದಾಟಿದರೆ ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿಯಬೇಕು. ಮೇಲಿನ ಬಜೆಟ್‌ನಲ್ಲಿ ಗುರುಗಳ ಗೌರವಧನ 45,000 ಮಾತ್ರ, ಆದರೆ ಪ್ರಯಾಣದ 6,000 ಸೇರಿಸಿದರೆ 51,000 ಆಗುತ್ತದೆ, ಆದ್ದರಿಂದ ಸಿಎಯನ್ನು ಒಮ್ಮೆ ಕೇಳಿ. ಸರ್ಕಾರದ ದುಡ್ಡಾದರೆ ಬಳಕೆ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಸಿಎ ಸಹಿ ಬೇಕು. ಹಿಂದಿನದರ ಪ್ರಮಾಣಪತ್ರ ಬಾಕಿ ಇದ್ದರೆ ಮುಂದಿನದು ಸಿಗುವುದಿಲ್ಲ. ದೇಣಿಗೆ ಕೊಟ್ಟವರ ಪಟ್ಟಿಯನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿದರೆ ಮಾತ್ರ ಅವರಿಗೆ 80ಜಿ ಪ್ರಮಾಣಪತ್ರ ಹೋಗುತ್ತದೆ.

ದುಡ್ಡು ಕೊಟ್ಟವರಿಗೆ ಮೂರು ತಿಂಗಳಿಗೊಮ್ಮೆ ಅರ್ಧ ಪುಟ ಬರೆಯಿರಿ. ಎಷ್ಟು ತರಗತಿ ಆಯಿತು, ಎಷ್ಟು ಮಕ್ಕಳು ಬಿಟ್ಟರು, ಯಾಕೆ ಬಿಟ್ಟರು. ಬಿಟ್ಟವರ ವಿಷಯ ಮುಚ್ಚಿಡಬೇಡಿ, ಅಪ್ಪನ ಕೆಲಸ ಪನ್ವೇಲ್‌ಗೆ ಹೋಯಿತು, ಮಗುವೂ ಹೋಯಿತು, ಇದು ಈ ಊರಿನಲ್ಲಿ ದಿನಾ ಆಗುವ ಸಂಗತಿ. ಎರಡನೇ ವರ್ಷದ ಅರ್ಜಿಯನ್ನು ಮಾರ್ಚ್ ಪ್ರದರ್ಶನ ಮುಗಿದ ಮೇಲೆ ಬರೆಯಬೇಡಿ. ಕಂಪನಿಯ ಮುಂದಿನ ವರ್ಷದ ಮಾತುಕತೆ ಅದಕ್ಕೂ ಮುಂಚೆ ಶುರುವಾಗಿರುತ್ತದೆ. ಜನವರಿಯ ಒಂದು ಶನಿವಾರ ಅವರನ್ನು ಶಾಲೆಗೆ ಕರೆಯಿರಿ, ಮಕ್ಕಳು ಇನ್ನೂ ಹೆಜ್ಜೆ ತಪ್ಪುತ್ತಿರುವಾಗಲೇ ನೋಡಲಿ, ಹೊರಡುವಾಗ ಅರ್ಜಿಯ ಪ್ರತಿ ಕೈಗೆ ಕೊಡಿ.